ವಾಲಿಗೂ ಮಾತಿನ ಸರದಿ ಬರಲಿ

ಮಳೆಗಾಲ ಬಂತೆಂದರೆ ನಮ್ಮ ಸೊರಬದ ಕಡೆ ತಾಳಮದ್ದಳೆ ಜಾಸ್ತಿ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿಟ್ಟಿರುತ್ತವೆ, ಗದ್ದೆಯ ನಾಟಿ ಒಂದು ಹಂತಕ್ಕೆ ಬಂದಿರುತ್ತದೆ, ದಂಡಾವತಿ ಕೆಂಪಗೆ ತುಂಬಿ ಹರಿಯುತ್ತಿರುತ್ತಾಳೆ. ಸೊರಬ, ಸಾಗರ, ಸಿದ್ದಾಪುರ, ಶಿರಸಿ ಎಲ್ಲೇ ಆಗಲಿ, ದೇವಸ್ಥಾನದ ಪೌಳಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಒಂದು ಜಮಖಾನ ಹಾಸಿದರೆ ಆಯಿತು. ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಮದ್ದಳೆ, ಚೆಂಡೆ. ಎದುರುಬದುರು ಪಂಚೆ, ಶಲ್ಯದ ಅರ್ಥಧಾರಿಗಳು. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ, ಪಾತ್ರ ಬಾಯಿ ತೆರೆಯುತ್ತದೆ. ಬರೆದಿಟ್ಟ ಮಾತಿಲ್ಲ. ಎದುರಿಗೆ ಕೂತವರು ಏನು ಕೇಳುತ್ತಾರೆಂದು ಮೊದಲೇ ಗೊತ್ತಿಲ್ಲ. ಪಾತ್ರದೊಳಗೆ ಕೂತು, ಅದರ ಕಷ್ಟವನ್ನು ತನ್ನದೆಂದೇ ತಿಳಿದು, ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಬೇಕು.

ವಾಲಿವಧೆ ಇಟ್ಟರೆ ಜನ ಇನ್ನೂ ಜಾಸ್ತಿ ಸೇರುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಮರದ ಮರೆಯಿಂದ ರಾಮ ಬಾಣ ಬಿಡುತ್ತಾನೆ, ವಾಲಿ ಬೀಳುತ್ತಾನೆ. ಬಿದ್ದವನು ಕೇಳಲು ಶುರುಮಾಡುತ್ತಾನೆ. ನಿನಗೆ ನಾನೇನು ಮಾಡಿದ್ದೆ? ಎದುರು ನಿಂತು ಯಾಕೆ ಹೊಡೆಯಲಿಲ್ಲ? ಹೆಂಡತಿಯನ್ನು ಬಿಡಿಸಿಕೊಳ್ಳಲು ನೆರವು ಬೇಕಿದ್ದರೆ, ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ತಿರುಗಿದ ನನ್ನನ್ನು ಬಿಟ್ಟು, ಹೆದರಿ ಬೆಟ್ಟ ಸೇರಿದ ಸುಗ್ರೀವನ ಸ್ನೇಹ ಯಾಕೆ ಮಾಡಿದೆ? ರಾಮನ ಅರ್ಥ ಹೇಳುವವರು ಸುಮ್ಮನಿರುವಂತಿಲ್ಲ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ. ಈ ನೆಲ ಭರತನ ಆಳ್ವಿಕೆಗೆ ಸೇರಿದ್ದು, ತಪ್ಪು ಮಾಡಿದವನನ್ನು ಶಿಕ್ಷಿಸುವ ಅಧಿಕಾರ ನನಗಿದೆ. ಅಗ್ನಿಸಾಕ್ಷಿಯಾಗಿ ಗೆಳೆಯನಿಗೆ ಕೊಟ್ಟ ಮಾತಿದೆ. ನೀನು ಶಾಖಾಮೃಗ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ಕ್ಷತ್ರಿಯನಿಗೆ ದೋಷವಲ್ಲ. ವಾಲಿ ಇಲ್ಲಿ ಪಟ್ಟು ಹಿಡಿಯುತ್ತಾನೆ. ಮೃಗವೆಂದು ಹೊಡೆದೆಯಾದರೆ ಮೃಗಕ್ಕೆ ಪರಸ್ತ್ರೀ ದೋಷ ಎಲ್ಲಿಂದ ಬಂತು? ಮನುಷ್ಯಧರ್ಮ ನನಗೂ ಉಂಟು ಎನ್ನುವೆಯಾದರೆ ಯುದ್ಧಧರ್ಮವೂ ಉಂಟಲ್ಲ, ಮರದ ಹಿಂದೆ ನಿಂತದ್ದು ಹೇಗೆ?

ಆ ಪ್ರಶ್ನೆ ಬಿದ್ದ ಮೇಲೆ ಜಗಲಿಯಲ್ಲಿ ಕವಳ ಹಾಕುವವರ ಕೈಯೂ ನಿಲ್ಲುತ್ತದೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥಕ್ಕೆ ಹೆಸರಾದವರು. ಅವರು 2006ರಲ್ಲಿ ತೀರಿಕೊಂಡರು, ಆದರೆ ಅವರ ಮಾತಿನ ಕ್ಯಾಸೆಟ್‌ಗಳನ್ನು ಹಾಕಿಕೊಂಡು ಅಡಿಕೆ ಸುಲಿಯುವ ಮನೆಗಳು ನಮ್ಮಲ್ಲಿ ಇದ್ದವು. ಇವತ್ತು ವಾಲಿಯಾಗಿ ರಾಮನ ಬೆವರಿಳಿಸಿದ ಅರ್ಥಧಾರಿ ಮುಂದಿನ ವಾರ ಇನ್ನೊಂದು ಊರಿನಲ್ಲಿ ರಾಮನಾಗಿ ಕೂತು, ತಾನೇ ಕೇಳಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ತಾಳಮದ್ದಳೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಇದನ್ನೇ.

ಈ ವಿಷಯ ಬರೆಯಬೇಕು ಅನ್ನಿಸಿದ್ದು ಅಣ್ಣನ ಮಗನ ಲ್ಯಾಪ್‌ಟಾಪಿನಿಂದ. ಅವನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜಕ್ಕೆ ಬಂದಾಗ ರಾತ್ರಿ ಊಟ ಮುಗಿಸಿ ಆಟಕ್ಕೆ ಕೂರುತ್ತಾನೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲಿಗೆ ತಲೆ ಬಗ್ಗಿಸಿ ಹುಡುಗರು ಆಡುತ್ತಾರಲ್ಲ, ಕಂಡವರಿಗೆ ಗುಂಡು ಹೊಡೆದು ಕೊನೆಗೆ ಒಬ್ಬನೇ ಉಳಿಯುವ ಆಟ, ಅಂಥದ್ದಲ್ಲ ಇದು. ಇದರಲ್ಲಿ ಆಡುವವನು ಒಂದು ಪಾತ್ರ ವಹಿಸುತ್ತಾನೆ. ಊರೂರು ತಿರುಗುತ್ತಾನೆ, ಜನರ ಹತ್ತಿರ ಮಾತಾಡುತ್ತಾನೆ, ಅವರ ಜಗಳದಲ್ಲಿ ಸಿಕ್ಕಿಕೊಳ್ಳುತ್ತಾನೆ. ಏನು ಹೇಳಬೇಕು, ಯಾರನ್ನು ನಂಬಬೇಕು, ಯಾರನ್ನು ಉಳಿಸಬೇಕು ಎಂದು ಅವನೇ ತೀರ್ಮಾನಿಸಬೇಕು. ಅವನು ಆಡುತ್ತಿದ್ದದ್ದು ‘ದಿ ವಿಚರ್ 3’. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಕಂಪನಿ 2015ರಲ್ಲಿ ತಂದದ್ದು. ಪೋಲಿಷ್ ಕಥೆಗಾರ ಆಂದ್ರೇ ಸಪ್ಕೋವ್‌ಸ್ಕಿ ಸೃಷ್ಟಿಸಿದ ಗೆರಾಲ್ಟ್ ಎಂಬ ಬಿಳಿಕೂದಲಿನ ಪಿಶಾಚಿ ಬೇಟೆಗಾರ ಅದರ ನಾಯಕ.

ಯುದ್ಧದಿಂದ ಹಾಳಾದ ವೆಲೆನ್ ಎಂಬ ಜೌಗು ಸೀಮೆಯಲ್ಲಿ ಒಬ್ಬ ಬ್ಯಾರನ್ ಇದ್ದಾನೆ. ಕುಡುಕ. ಹೆಂಡತಿ ಆನ್ನಾಳೂ ಮಗಳೂ ಅವನನ್ನು ಬಿಟ್ಟು ಹೋಗಿದ್ದಾರೆ. ಹುಡುಕಿಕೊಡು ಎಂದು ಗೆರಾಲ್ಟನನ್ನು ಬೇಡುತ್ತಾನೆ. ಹುಡುಕುತ್ತಾ ಹೋದರೆ ಅವನು ಹೆಂಡತಿಯನ್ನು ಹೊಡೆಯುತ್ತಿದ್ದ, ಅವಳ ಗರ್ಭ ಹೋಯಿತು, ಆ ಶಿಶುವನ್ನು ಹೆಸರಿಡದೆ ಹೂಳಲಾಯಿತು ಎಂಬುದು ಒಂದೊಂದಾಗಿ ಹೊರಬೀಳುತ್ತದೆ. ಹೆಸರಿಲ್ಲದ ಶಿಶು ಪಿಶಾಚಿಯಾಗಿ ಅಲೆಯುತ್ತಿದೆ. ಅದನ್ನು ಕತ್ತಿಯಿಂದ ಮುಗಿಸಿಬಿಡಬಹುದು. ಇಲ್ಲವೇ ಬ್ಯಾರನ್ನನೇ ಅದನ್ನು ಎತ್ತಿಕೊಂಡು ಮನೆಯ ಹೊಸ್ತಿಲಿನ ತನಕ ನಡೆದು, ಹೆಸರಿಟ್ಟು, ಮಗಳೆಂದು ಒಪ್ಪಿಕೊಂಡು ಹೂಳಬಹುದು. ಹುಡುಗ ಎರಡನೆಯದನ್ನು ಆರಿಸಿದ. ಮಳೆಯಲ್ಲಿ ಆ ದಪ್ಪ ಮೈಯ ಮನುಷ್ಯ ವಿಕಾರವಾದ ಕೂಸನ್ನು ಎದೆಗೆ ಒತ್ತಿಕೊಂಡು ಹೆಜ್ಜೆ ಹಾಕುತ್ತಾನೆ. ಕೂಸು ಮಧ್ಯೆ ಮಧ್ಯೆ ಕೆರಳುತ್ತದೆ, ಗೆರಾಲ್ಟ್ ಮಂತ್ರ ಹಾಕಿ ಅದನ್ನು ಸಮಾಧಾನ ಮಾಡುತ್ತಾ ಜೊತೆಗೆ ನಡೆಯಬೇಕು. ನಾನು ಆ ಮನುಷ್ಯನನ್ನು ಅಸಹ್ಯಪಟ್ಟುಕೊಂಡೇ ನೋಡಲು ಕೂತವಳು. ಹೊಸ್ತಿಲಿನ ಮುಂದೆ ಅವನು ಗುದ್ದಲಿ ಹಿಡಿದಾಗ ನನ್ನ ಗಂಟಲು ಕಟ್ಟಿತ್ತು. ಹೆಂಡತಿಯನ್ನು ಹೊಡೆದವನು ಅವನೇ, ಈಗ ಅಳುತ್ತಿರುವವನೂ ಅವನೇ.

ಇಷ್ಟಾದ ಮೇಲೆ ಬಂದದ್ದು ಮರದ ಬೇರಿನಡಿ ಕಟ್ಟಿಹಾಕಿದ ಒಂದು ಆತ್ಮದ ಪ್ರಸಂಗ. ಜೌಗಿನಲ್ಲಿ ಮೂವರು ಮಾಟಗಾತಿಯರಿದ್ದಾರೆ. ಅವರ ಆಶ್ರಯದಲ್ಲಿ ಅನಾಥ ಮಕ್ಕಳಿದ್ದಾರೆ, ಆನ್ನಾಳೂ ಅಲ್ಲೇ ಅವರ ಸೇವೆಗೆ ಸಿಕ್ಕಿದ್ದಾಳೆ. ಮಾಟಗಾತಿಯರು ಮಕ್ಕಳನ್ನು ತಿನ್ನುತ್ತಾರೆ, ನನ್ನನ್ನು ಬಿಡಿಸಿದರೆ ಮಕ್ಕಳನ್ನು ಉಳಿಸುತ್ತೇನೆ ಎನ್ನುತ್ತದೆ ಆತ್ಮ. ಅದು ಮಹಾ ಕೆಡುಕು, ಕೊಂದುಬಿಡು ಎನ್ನುತ್ತಾರೆ ಕೆಳಗಿನ ಡೌನ್‌ವಾರನ್ ಹಳ್ಳಿಯವರು.

“ಅತ್ತೆ, ಎಂತ ಮಾಡದು ಈಗ? ಕೊಲ್ಲದಾ, ಬಿಡದಾ?”

“ಅದು ಹೇಳಿದ್ದು ಪೂರ್ತಿ ಕೇಳಿದ್ಯಾ?”

“ಕೇಳಿದೆ. ಸುಳ್ಳೋ ನಿಜವೋ ಗೊತ್ತಾಗ್ತಿಲ್ಲ.”

ಮಕ್ಕಳ ಮುಖ ನೋಡಿ ಬಿಡಿಸಿದ. ಆತ್ಮ ಕಪ್ಪು ಕುದುರೆಯಾಗಿ ಓಡಿತು. ಮಕ್ಕಳು ಉಳಿದವು. ಆದರೆ ಡೌನ್‌ವಾರನ್ ಹಳ್ಳಿಯನ್ನು ಅದು ನಾಶಮಾಡಿತು. ಮಕ್ಕಳು ತಪ್ಪಿಸಿಕೊಂಡ ಸಿಟ್ಟಿಗೆ ಮಾಟಗಾತಿಯರು ಆನ್ನಾಳನ್ನು ನೀರಿನ ಪಿಶಾಚಿಯಾಗಿ ಮಾಡಿದರು, ಅವಳು ಸತ್ತಳು. ಆಮೇಲೆ ಬ್ಯಾರನ್ನನ ಕೋಟೆಗೆ ಹೋದರೆ ಅವನು ಅಂಗಳದ ಮರಕ್ಕೆ ನೇಣು ಹಾಕಿಕೊಂಡಿದ್ದ. ಹುಡುಗ ಹಳೆಯ ಸೇವ್ ತೆರೆದು ಮರದ ಹತ್ತಿರಕ್ಕೇ ವಾಪಸು ಹೋದ. ಈ ಸಲ ಆತ್ಮವನ್ನು ಕೊಂದ. ಈಗ ಆನ್ನಾ ಉಳಿದಳು, ಆದರೆ ಬುದ್ಧಿಭ್ರಮಣೆಯಾಗಿ. ಬ್ಯಾರನ್ ಕುಡಿತ ಬಿಟ್ಟು, ದೂರದ ಬೆಟ್ಟದ ವೈದ್ಯನ ಹತ್ತಿರ ಅವಳನ್ನು ಕರೆದುಕೊಂಡು ಹೊರಟ. ಮಕ್ಕಳು ಮಾತ್ರ ಇರಲಿಲ್ಲ.

“ಎರಡರಲ್ಲೂ ಸರಿ ಅನ್ನೋದೇ ಇಲ್ವಲ್ಲ ಅತ್ತೆ” ಎಂದು ಲ್ಯಾಪ್‌ಟಾಪ್ ಮುಚ್ಚಿಟ್ಟ. ಅವತ್ತು ರಾತ್ರಿ ಅವನಿಗೂ ನನಗೂ ಬಹಳ ಹೊತ್ತು ಚರ್ಚೆ ನಡೆಯಿತು. ಮಕ್ಕಳ ಜೀವ ದೊಡ್ಡದೋ, ಒಂದು ಹಳ್ಳಿಯ ಜೀವ ದೊಡ್ಡದೋ? ಪರಿಣಾಮ ಗೊತ್ತಿಲ್ಲದೆ ಮಾಡಿದ್ದಕ್ಕೆ ಎಷ್ಟು ಹೊಣೆ? ನಡುವೆ ಕರೆಂಟ್ ಹೋಯಿತು, ಮಾತು ನಿಲ್ಲಲಿಲ್ಲ. ಆಟವಾಡುವ ಹುಡುಗರು ಕೆಟ್ಟುಹೋಗುತ್ತಾರೆ ಎಂದು ತಾಯ್ತಂದೆಯರು ಹೆದರುವುದರಲ್ಲಿ ಹುರುಳಿದೆ, ಓದು ನಿದ್ದೆ ಎರಡನ್ನೂ ನುಂಗುವ ಆಟಗಳು ಬೇಕಾದಷ್ಟಿವೆ. ಆದರೆ ಮನೆಯ ಇಪ್ಪತ್ತರ ಹುಡುಗನೊಬ್ಬ ಹೊಣೆಯ ಬಗ್ಗೆ ಇಷ್ಟು ಹೊತ್ತು ಮಾತಾಡುವಂತೆ ಮಾಡಿದ ಸಾಧನವನ್ನು ಬರೀ ಚಟ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲ ಪಾತ್ರದ ಆಟಗಳೂ ಹೀಗಿಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ತಂದಾಗಲೇ ಪಾತ್ರಗಳು ಕಟ್ಟಳೆಯ ಪಕ್ಷವೋ ಗೊಂದಲದ ಪಕ್ಷವೋ ಎಂದು ಹಣೆಪಟ್ಟಿ ಹಚ್ಚುವ ಪದ್ಧತಿ ಬಂತು. ಅದರ ಮೇಲೆ ಒಳ್ಳೆಯವನೋ ಕೆಟ್ಟವನೋ ಎಂಬ ಪಟ್ಟಿಯೂ ಸೇರಿತು. ಕಂಪ್ಯೂಟರಿಗೆ ಬಂದ ಮೇಲೆ ಆ ಪಟ್ಟಿ ಅಂಕಗಳಾದವು. ಕೆನಡಾದ ಬಯೋವೇರ್ ಕಂಪನಿಯ ‘ಮಾಸ್ ಎಫೆಕ್ಟ್’ 2007ರದ್ದು, ಕಥೆ ಬಹಳ ಚೆನ್ನಾಗಿದೆ. ಆದರೆ ಅದರಲ್ಲಿ ಉತ್ತರಗಳು ಒಂದು ಚಕ್ರದ ಸುತ್ತ ಬರುತ್ತವೆ: ಮೇಲಿನದ್ದು ಸಜ್ಜನನ ಉತ್ತರ, ಕೆಳಗಿನದ್ದು ಒರಟನದ್ದು. ಸಜ್ಜನಿಕೆಗೆ ನೀಲಿ ಅಂಕ, ಒರಟುತನಕ್ಕೆ ಕೆಂಪು ಅಂಕ. ಸಾಕಷ್ಟು ಅಂಕ ಕೂಡಿಸಿದವನಿಗೆ ಮುಂದೆ ವಿಶೇಷ ಉತ್ತರಗಳು ತೆರೆದುಕೊಳ್ಳುತ್ತವೆ. ಹಾಗಾಗಿ ಆಡುವವನು ಎದುರಿನವನ ಮಾತನ್ನು ಕೇಳುವುದನ್ನೇ ಬಿಟ್ಟು, ಕೈಯನ್ನು ಮೇಲಕ್ಕೋ ಕೆಳಕ್ಕೋ ಒಯ್ಯುತ್ತಾನೆ. ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವ ಹಾಗೆ ಮನುಷ್ಯನ ಒಳ್ಳೆಯತನಕ್ಕೂ ಒಂದು ಅಳತೆಗೋಲು ಅದ್ದಿ ಇಟ್ಟರೆ ಆಗುವುದೇ ಹೀಗೆ. ಜಗಲಿಯ ತಾಳಮದ್ದಳೆಯಲ್ಲಿ ಮೈಕಿನ ಪಕ್ಕ ಒಂದು ಬೋರ್ಡು ನಿಲ್ಲಿಸಿ ರಾಮನಿಗೆ ಇಷ್ಟು, ವಾಲಿಗೆ ಇಷ್ಟು ಎಂದು ಬರೆಯುತ್ತಾ ಹೋದರೆ ಯಾರು ಕೂತು ಕೇಳಿಯಾರು?

ಇದನ್ನು ಬಹಳ ಹಿಂದೆಯೇ ಅರಿತವನೊಬ್ಬ ಇದ್ದ. ರಿಚರ್ಡ್ ಗ್ಯಾರಿಯಟ್ ಎಂಬಾತ ಚಿಕ್ಕ ವಯಸ್ಸಿನಲ್ಲೇ ‘ಅಲ್ಟಿಮಾ’ ಎಂಬ ಆಟಗಳ ಸರಣಿ ಮಾಡಿ ಹೆಸರು ಗಳಿಸಿದ್ದ. ಆ ಆಟಗಳಲ್ಲಿ ಜನ ಅಂಗಡಿ ದೋಚಿ, ಕಂಡವರನ್ನೆಲ್ಲ ಕೊಂದು, ಕೊನೆಗೆ ದುಷ್ಟನನ್ನೂ ಕೊಂದು ಗೆಲ್ಲುತ್ತಿದ್ದರು. ಅದು ಅವನನ್ನು ಚಿಂತೆಗೆ ಹಚ್ಚಿತು. 1985ರಲ್ಲಿ ತಂದ ನಾಲ್ಕನೆಯ ಅಲ್ಟಿಮಾದಲ್ಲಿ ಕೊಲ್ಲಬೇಕಾದ ಮಹಾದುಷ್ಟನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಆಡುವವನು ಪಳಗಬೇಕು, ಅಷ್ಟೇ. ಆಟ ಶುರುವಾಗುವುದೇ ಕಣಿ ಹೇಳುವ ಹೆಂಗಸಿನ ಪ್ರಶ್ನೆಗಳಿಂದ. ಎರಡು ಒಳ್ಳೆಯ ಗುಣಗಳನ್ನು ಎದುರುಬದುರು ನಿಲ್ಲಿಸಿ ಯಾವುದು ನಿನ್ನದು ಎಂದು ಕೇಳುತ್ತಾಳೆ. ಅದರಲ್ಲಿ ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳಿದ್ದಾಳೆ. ಎಷ್ಟು ನಾಣ್ಯ ಕೊಟ್ಟೆ ಎಂದು ಆಡುವವನೇ ಹೇಳಬೇಕು. ಕಡಿಮೆ ಕೊಟ್ಟರೂ ಅವಳು ಥ್ಯಾಂಕ್ಸ್ ಹೇಳಿ ಕಳಿಸುತ್ತಾಳೆ. ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಪ್ರಾಮಾಣಿಕತೆಯಲ್ಲಿ ನೀನಿನ್ನೂ ಹಿಂದಿದ್ದೀಯ ಎಂದು ಗೊತ್ತಾಗುತ್ತದೆ. ಅಲ್ಲೂ ಒಳಗೆ ಅಂಕವೇ ಇತ್ತು, ಆದರೆ ಆಡುವವನ ಕಣ್ಣಿಗೆ ಬೀಳದಂತೆ ಇತ್ತು. ಆ ವಿವೇಕ ಇಪ್ಪತ್ತೆರಡು ವರ್ಷಗಳ ಆಮೇಲೆ ಬಂದ ನೀಲಿ ಕೆಂಪು ಅಂಕಗಳಿಗೆ ಇರಲಿಲ್ಲ ಎಂಬುದು ನನ್ನ ದೂರು.

ಈಗ ನಮ್ಮ ಜಗಲಿಯನ್ನೂ ಆ ಪರದೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ತಾಳಮದ್ದಳೆಯಲ್ಲಿ ಕಥೆಯ ಕೊನೆ ಮೊದಲೇ ತೀರ್ಮಾನವಾಗಿದೆ. ವಾಲಿ ಸಾಯಲೇಬೇಕು. ಕರ್ಣಭೇದನದಲ್ಲಿ ಕೃಷ್ಣ ಹುಟ್ಟಿನ ಗುಟ್ಟು ಹೇಳಿ ಎಷ್ಟು ಕರೆದರೂ ಕರ್ಣ ಪಾಂಡವರ ಕಡೆಗೆ ಬರುವಂತಿಲ್ಲ. ಆದರೆ ಸಾಯುವ ಮೊದಲು ವಾಲಿ ಏನು ಹೇಳುತ್ತಾನೆ, ಉಂಡ ಮನೆಗೂ ಒಡಹುಟ್ಟಿದವರಿಗೂ ನಡುವೆ ಸಿಕ್ಕ ಕರ್ಣ ಯಾವ ಮಾತಿನಿಂದ ತನ್ನ ದಾರಿಯನ್ನು ಸಮರ್ಥಿಸಿಕೊಳ್ಳುತ್ತಾನೆ, ಅದಕ್ಕೆ ಅಂಕೆಯಿಲ್ಲ. ಪರದೆಯ ಆಟದಲ್ಲಿ ಇದು ತಿರುಗುಮುರುಗು. ಕೊನೆಯನ್ನು ಬದಲಿಸಬಹುದು, ಬ್ಯಾರನ್ನನನ್ನು ಉಳಿಸಬಹುದು, ಸಾಯಿಸಬಹುದು. ಆದರೆ ಆಡುವವನ ಬಾಯಿಗೆ ಬರುವುದು ಯಾರೋ ಬರೆದಿಟ್ಟ ಮೂರೋ ನಾಲ್ಕೋ ಸಾಲುಗಳು. ನನ್ನ ಮನಸ್ಸಿನಲ್ಲಿರುವ ಐದನೆಯ ಮಾತಿಗೆ ಅಲ್ಲಿ ಜಾಗವಿಲ್ಲ. ಮರದಡಿಯ ಆತ್ಮಕ್ಕೆ, ಹಳ್ಳಿಯವರಿಗೆ ನೀನು ಏನೂ ಮಾಡುವುದಿಲ್ಲ ಎಂದು ಮಾತು ಕೊಡುತ್ತೀಯಾ ಎಂದು ಕೇಳಬೇಕಿತ್ತು ನನಗೆ. ಕೇಳುವ ಗುಂಡಿ ಇರಲಿಲ್ಲ.

ಆಟದ ಇನ್ನೊಂದು ಸೌಲಭ್ಯವೂ ನನ್ನನ್ನು ಕಾಡುತ್ತದೆ. ಹುಡುಗ ಮಾಡಿದ ಹಾಗೆ ಹಿಂದಕ್ಕೆ ಹೋಗಿ ಇನ್ನೊಂದು ದಾರಿ ಹಿಡಿಯಬಹುದು. ಅದರಿಂದ ಕಲಿಯುವುದೂ ಇದೆ, ನನಗೂ ಎರಡು ದಾರಿಯನ್ನೂ ನೋಡುವ ಆಸೆಯಿತ್ತು. ಟೋಬಿ ಫಾಕ್ಸ್ ಎಂಬಾತ 2015ರಲ್ಲೇ ತಂದ ‘ಅಂಡರ್‌ಟೇಲ್’ ಎಂಬ ಪುಟ್ಟ ಆಟ ಮಾತ್ರ ಇದಕ್ಕೂ ಒಂದು ಬೀಗ ಹಾಕಿದೆ. ಅದರಲ್ಲಿ ತಾಯಿಯಂತೆ ಉಪಚರಿಸಿದ ಪ್ರಾಣಿಯೊಂದನ್ನು ಕೊಂದು, ಸಂಕಟವಾಗಿ, ಹಿಂದಕ್ಕೆ ಹೋಗಿ ಉಳಿಸಿಕೊಂಡು ಬಂದರೆ, ಮುಂದೆ ಸಿಗುವ ಹೂವೊಂದು ‘ನೀನು ಏನು ಮಾಡಿದೆ ಅಂತ ನನಗೆ ಗೊತ್ತು’ ಎಂಬರ್ಥದಲ್ಲಿ ಕುಟುಕುತ್ತದೆ. ಕೊಂದದ್ದನ್ನು ಆಟ ಮರೆತಿಲ್ಲ ಎಂದು ತಿಳಿದಾಗ ಮೈ ಜುಂ ಅನ್ನುತ್ತದೆ.

ಹಿಂದಕ್ಕೆ ಹೋಗಲಾಗದ ಕವಲುಗಳು ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ನೆಲದಲ್ಲೇ ಇವೆ. ತಾಳಗುಂದದ ಕಂಬದ ಶಾಸನ ಹೇಳುವ ಮಯೂರಶರ್ಮ ವೇದ ಓದಲೆಂದು ಗುರುವಿನ ಜೊತೆ ಕಂಚಿಗೆ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನಿಂದಾದ ಅವಮಾನಕ್ಕೆ ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ, ಕದಂಬ ರಾಜ್ಯ ಕಟ್ಟಿದ. ಅವನದು ಗೆದ್ದ ಕಥೆ, ಹಾಡಿ ಹೊಗಳುವುದು ಸುಲಭ. ಈಸೂರಿನದು ಹಾಗಲ್ಲ.

1942ರ ಆಗಸ್ಟಿನಲ್ಲಿ ಬೊಂಬಾಯಿಯಿಂದ ಗಾಂಧೀಜಿ ಕೊಟ್ಟ ಕರೆ ಮೈಸೂರು ಸಂಸ್ಥಾನದ ಈ ಹಳ್ಳಿಗೂ ತಲುಪಿತು. ಸೆಪ್ಟೆಂಬರಿನಲ್ಲಿ ಊರವರು ಕಂದಾಯದ ಲೆಕ್ಕಪುಸ್ತಕಗಳನ್ನು ಕಿತ್ತುಕೊಂಡು, ವೀರಭದ್ರ ದೇವಸ್ಥಾನದ ಮೇಲೆ ಧ್ವಜ ಏರಿಸಿ, ಈಸೂರು ಸ್ವತಂತ್ರ ಎಂದು ಸಾರಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಆಗಿನದು. ತಮ್ಮದೇ ಸರ್ಕಾರಕ್ಕೆ ಇಬ್ಬರು ಹುಡುಗರನ್ನು ಆರಿಸಿದರು. ಒಬ್ಬ ಅಮಲ್ದಾರ, ಇನ್ನೊಬ್ಬ ಸಬ್ ಇನ್‌ಸ್ಪೆಕ್ಟರ್. ಎಳೆಯರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು ಎನ್ನುತ್ತಾರೆ. ಮಕ್ಕಳಿಗೆ ಪಾತ್ರ ಹಂಚಿದ ಆ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ಒಮ್ಮೆಗೇ ಹೆಮ್ಮೆಯೂ ಭಯವೂ ಆಗುತ್ತದೆ. ಸೆಪ್ಟೆಂಬರ್ 28ರಂದು ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪೊಲೀಸರ ಜೊತೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆದು, ಲಾಠಿ ಬೀಸಿತು, ಗುಂಡು ಹಾರಿತು, ಜನ ತಿರುಗಿಬಿದ್ದರು. ಇಬ್ಬರು ಅಧಿಕಾರಿಗಳೂ ಸತ್ತರು. ಆಮೇಲೆ ಊರಿಗೆ ಸೈನ್ಯ ನುಗ್ಗಿತು, ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು.

ಆ ಐವರಿಗೆ ನಾನು ಕೈ ಮುಗಿಯುತ್ತೇನೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಸತ್ತ ಅಧಿಕಾರಿಗಳೂ ಸಂಸ್ಥಾನದ ಸಂಬಳ ತಿನ್ನುತ್ತಿದ್ದ ಈ ನಾಡಿನವರೇ. ಅಹಿಂಸೆಯ ಗಾಂಧಿಯ ಟೋಪಿಯನ್ನು ಹಾಕಿಸಲು ಹೋದ ಜಗಳ ಎರಡು ಹೆಣದಲ್ಲಿ ಮುಗಿಯಿತು. ಆ ಗುಂಪಿನಲ್ಲಿ ಬೇಡ, ಹೊಡೆಯಬೇಡಿ ಎಂದವರು ಯಾರಾದರೂ ಇದ್ದಿರಬಹುದು. ಲೆಕ್ಕಪುಸ್ತಕ ಒಪ್ಪಿಸಿದವನ ಮನಸ್ಸಿನಲ್ಲಿ ಏನಿತ್ತು? ಗಂಡ ಕಾಡಿಗೆ ಹೋದ ಮೇಲೆ ಬಾಗಿಲು ಬಡಿದ ಪೊಲೀಸರಿಗೆ ಹೆಂಡತಿ ಏನು ಹೇಳಿದ್ದಾಳು? ಅಮಲ್ದಾರನೆಂದು ಕರೆಸಿಕೊಂಡ ಹುಡುಗ ಅಮಲ್ದಾರರ ಹೆಣ ನೋಡಿ ಏನಂದುಕೊಂಡ? ಶಾಲೆಯ ಪಾಠದಲ್ಲಿ ಇವಕ್ಕೆ ಜಾಗ ಸಿಗುವುದಿಲ್ಲ, ವರ್ಷಕ್ಕೊಮ್ಮೆಯ ಭಾಷಣದಲ್ಲೂ ಸಿಗುವುದಿಲ್ಲ.

ಇಂಥ ಪ್ರಶ್ನೆಗಳಿಗೆ ಪಾತ್ರದ ಆಟ ತಕ್ಕ ಜಾಗ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮಾಡಲಾಗದ ಕೆಲಸವೇನಲ್ಲ. 2014ರಲ್ಲಿ ಪೋಲೆಂಡಿನ ಇನ್ನೊಂದು ತಂಡ ತಂದ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟ ಸರಯೇವೋ ನಗರದ ಮುತ್ತಿಗೆಯಿಂದ ಪ್ರೇರಣೆ ಪಡೆದದ್ದು. ಅದರಲ್ಲಿ ಆಡುವವನು ಸೈನಿಕನಲ್ಲ. ಹಸಿದ ಸಾಮಾನ್ಯ ಜನರನ್ನು ಬದುಕಿಸಬೇಕು, ಮುದಿ ದಂಪತಿಗಳ ಮನೆಯ ಔಷಧಿ ಕದಿಯುವುದೋ ಬಿಡುವುದೋ ಎಂದು ತೀರ್ಮಾನಿಸಬೇಕು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಆಟವನ್ನು ನಮ್ಮ ಪುರಾಣಗಳ ಮೇಲೆ ಕಟ್ಟಿ ಹೊರಜಗತ್ತಿಗೆ ತೋರಿಸಿತು. ಅಷ್ಟು ದೊಡ್ಡ ಬಂಡವಾಳ ಬೇಡವೆಂದರೆ ಟ್ವೈನ್ ಎಂಬ ತಂತ್ರಾಂಶವಿದೆ. ಉಚಿತ, ಪ್ರೋಗ್ರಾಮಿಂಗ್ ಬಾರದವರೂ ಕವಲು ಕವಲಾಗಿ ಕಥೆ ಹೆಣೆಯಬಹುದು, ಕನ್ನಡ ಲಿಪಿಯಲ್ಲೇ ಬರೆಯಬಹುದು.

ಹಾಗಾಗಿ ಸೊರಬ, ಶಿಕಾರಿಪುರದ ಕಡೆಯಿಂದ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ಕಂಪ್ಯೂಟರ್ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ಕೇಳಿಕೆ. ಈಸೂರನ್ನು ಆಟ ಮಾಡಿ. ಊರಿನ ಹಿರಿಯರ ಮನೆಗಳಿಗೆ ಹೋಗಿ ಕೇಳಿ, ಕೋರ್ಟಿನ ದಾಖಲೆಗಳನ್ನು ಹುಡುಕಿ ಓದಿ. ಮಾತು ಬರೆಯುವಾಗ ನಮ್ಮ ಅರ್ಥಧಾರಿಗಳನ್ನು ಜೊತೆಗೆ ಕೂರಿಸಿಕೊಳ್ಳಿ. ಎದುರಾಳಿಯ ಬಾಯಿಂದ ಪೂರ್ತಿ ಬಲದ ಮಾತು ಹೊರಡಿಸುವುದು ಅವರಿಗೆ ರೂಢಿಯಾದ ಕೆಲಸ. ಅಂಕದ ಪಟ್ಟಿ ಎಲ್ಲೂ ಇಡಬೇಡಿ. ಆಡುವವನಿಗೆ ಗಲ್ಲಿಗೇರಿದವರ ಪಾತ್ರ ಕೊಡಿ, ಕಾಡಿಗೆ ಓಡಿದವರ ಹೆಂಡಿರ ಪಾತ್ರ ಕೊಡಿ, ಆ ಇಬ್ಬರು ಹುಡುಗರ ಪಾತ್ರ ಕೊಡಿ. ಪಾತ್ರ ಆರಿಸಿಕೊಳ್ಳುವ ಮೊದಲ ಪುಟದಲ್ಲಿ ಅಮಲ್ದಾರರ ಹೆಸರನ್ನೂ ಬಿಡದೆ ಸೇರಿಸಿ.